ಕಲ್ಲಿನ ಕವಿತೆ, ಗರಿಯ ಕವಿತೆ: ಊರಿಗೊಂದು ವಸ್ತುಸಂಗ್ರಹಾಲಯ

(ದೇವನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಲಕ್ಷ್ಮೀಕಾಂತನ ಗುಡಿಯ ಗಂಟೆ ಕೇಳುವಷ್ಟು ಹತ್ತಿರದಲ್ಲಿ ನಿಂತು, ‘ಜೈಮಿನಿ ಭಾರತ’ದ ಲಕ್ಷ್ಮೀಶ ಕವಿಯ ಊರಿನವರ ಮುಂದೆ ಮಾತಾಡುವ ಭಾಗ್ಯ ನನಗೆ ಒದಗಿದೆ. ಮೂವತ್ತು ವರ್ಷ ಈ ಸೀಮೆಯ ಪ್ರೌಢಶಾಲೆಗಳಲ್ಲಿ ಚರಿತ್ರೆ ಪಾಠ ಹೇಳಿದವಳು ನಾನು. ದೂರದ ರಾಜರ ಹೆಸರು, ದೂರದ ಯುದ್ಧಗಳ ಇಸವಿ ಮಕ್ಕಳ ಬಾಯಿಗೆ ಬರಿಸಿದೆ. ಆದರೆ ಶಾಲೆಯ ಬೇಲಿಯ ಆಚೆ ನಿಂತಿದ್ದ ಕಲ್ಲನ್ನು ಮುಟ್ಟಿಸಿ ಪಾಠ ಮಾಡಿದ ದಿನಗಳು ಕಡಿಮೆ. ಆ ಸಾಲವನ್ನು ಸ್ವಲ್ಪವಾದರೂ ತೀರಿಸಬೇಕೆಂದು ಇಂದಿನ ವಿಷಯವನ್ನು ಆರಿಸಿಕೊಂಡಿದ್ದೇನೆ.

ವಿಷಯ ಇಷ್ಟು: ನಮ್ಮಂಥ ಸಣ್ಣ ಊರಿಗೆ ತನ್ನದೇ ಆದ ಒಂದು ವಸ್ತುಸಂಗ್ರಹಾಲಯ, ಅದರ ಜೊತೆಗೇ ಒಂದು ಚಿತ್ರಶಾಲೆ ಬೇಕೇ, ಬೇಕಾದರೆ ಅದರಲ್ಲಿ ಏನಿರಬೇಕು, ಅದನ್ನು ಹೇಗೆ ಕಾಯಬೇಕು? ಮೊದಲು ಕಲ್ಲುಗಳ ಮಾತಾಡುತ್ತೇನೆ. ಆಮೇಲೆ ಓಲೆಗರಿ ಮತ್ತು ಓದು. ಅದಾದ ಮೇಲೆ ಚಿತ್ರ, ಬಣ್ಣ. ಕೊನೆಗೆ ದಾಖಲೆ, ಕಾಯಿದೆ, ಬೀಗದ ಕೈ ಇಂಥ ವ್ಯವಹಾರದ ಮಾತು. ಕೊನೆಯ ಭಾಗ ಒಣ ವಿಷಯ ಅನ್ನಿಸಬಹುದು. ಆದರೆ ಸಂಗ್ರಹಾಲಯ ಉಳಿಯುವುದೋ ಅಳಿಯುವುದೋ ಅಲ್ಲೇ ತೀರ್ಮಾನವಾಗುತ್ತದೆ.

ಒಳಗೆ ಹೋಗುವ ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ದೇವನೂರು ಎಂದಾಕ್ಷಣ ಹೊರಗಿನವರಿಗೆ ದೇವನೂರ ಮಹಾದೇವ ಅವರ ಊರು ನೆನಪಾಗುತ್ತದೆ. ಅದು ನಂಜನಗೂಡು ತಾಲ್ಲೂಕಿನದು. ನಮ್ಮದು ಕಡೂರು ತಾಲ್ಲೂಕಿನ ದೇವನೂರು. ಒಂದೇ ಹೆಸರಿನ ಎರಡು ಊರು, ಎರಡಕ್ಕೂ ಒಬ್ಬೊಬ್ಬ ದೊಡ್ಡ ಬರಹಗಾರ. ಕನ್ನಡಕ್ಕೆ ಇದು ಲಾಭವೇ. ಇನ್ನು ಲಕ್ಷ್ಮೀಶನನ್ನು ಸುರಪುರದವರೂ ತಮ್ಮವನೆಂದು ಹೇಳಿಕೊಂಡದ್ದುಂಟು. ಕಾವ್ಯದಲ್ಲಿ ಕವಿ ನೆನೆಯುವ ದೇವಪುರ ಯಾವುದು ಎಂಬ ಚರ್ಚೆಯನ್ನು ವಿದ್ವಾಂಸರು ಬಹಳ ಕಾಲ ನಡೆಸಿದ್ದಾರೆ. ಹೆಚ್ಚಿನವರು ಒಪ್ಪಿಕೊಂಡದ್ದು ಈ ನಮ್ಮ ಊರನ್ನು. ಆದರೂ ನಮ್ಮ ಸಂಗ್ರಹಾಲಯದಲ್ಲಿ ಆ ಚರ್ಚೆಗೂ ಒಂದು ಫಲಕ ಇರಲಿ ಎಂಬುದು ನನ್ನ ಆಸೆ. ಎದುರು ಪಕ್ಷದ ವಾದವನ್ನೂ ಗೋಡೆಯ ಮೇಲೆ ಬರೆದು ತೂಗುಹಾಕುವ ಊರನ್ನು ನೋಡಬಂದವರು ನಂಬುತ್ತಾರೆ.

ಈಗ ಕಲ್ಲಿಗೆ ಬರೋಣ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಡೂರು ಬಯಲಿನ ಒಂದು ಹಳ್ಳಿಯಲ್ಲಿ, ಬಾವಿಕಟ್ಟೆಯ ಪಕ್ಕ ಬಟ್ಟೆ ಒಗೆಯುವ ಒಂದು ಚಪ್ಪಡಿ ಇತ್ತು. ಕಟ್ಟೆ ರಿಪೇರಿಗೆಂದು ಅದನ್ನು ಮಗುಚಿದಾಗ ನಾನು ಅಲ್ಲೇ ಇದ್ದೆ. ಅಡಿಯಲ್ಲಿ ಮೂರು ಅಂಕಣದ ವೀರಗಲ್ಲು. ಕೆಳಗಿನ ಅಂಕಣದಲ್ಲಿ ಬಿಲ್ಲು ಹಿಡಿದ ಆಳು, ಅವನ ಹಿಂದೆ ಸಾಲಾಗಿ ದನಗಳು. ನಡುವಿನಲ್ಲಿ ಇಬ್ಬರು ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಲಿಂಗ, ಪೂಜಾರಿ, ಕೈಮುಗಿದು ಕೂತ ಅದೇ ವೀರ. ಮಣ್ಣು ಮೆತ್ತಿದ್ದರೂ ದನದ ಕೊಂಬಿನ ಬಾಗು ಎದ್ದು ಕಾಣುತ್ತಿತ್ತು. ಹಿಂದಕ್ಕೆ ಬಾಗಿ ಮೇಲೆದ್ದು ಚೂಪಾಗುವ ಕೊಂಬು. ಅಜ್ಜಂಪುರದ ಅಮೃತಮಹಲ್ ಕಾವಲಿನ ದನಗಳನ್ನು ನೋಡಿದವರಿಗೆ ಆ ಬಾಗು ಗೊತ್ತು. ಅಲ್ಲಿದ್ದ ಅಜ್ಜಿಯೊಬ್ಬರು ಕೆನ್ನೆಗೆ ಕೈಯಿಟ್ಟುಕೊಂಡು, "ನಮ್ಮತ್ತೆ ಕಾಲದಿಂದ್ಲೂ ಇದ್ರ ಮ್ಯಾಲೇ ಒಗೀತಿದ್ವಿ ಕಣವ್ವಾ, ಇವನು ಕೆಳಗೆ ಮಲಗವ್ನೆ ಅಂತ ಯಾರ್ಗೊತ್ತಿತ್ತು" ಅಂದರು. ಮುಖ ಕೆಳಗಾಗಿ ಬಿದ್ದಿದ್ದರಿಂದಲೇ ಆ ಕಲ್ಲು ಅಷ್ಟು ಚೆನ್ನಾಗಿ ಉಳಿದಿತ್ತು.

ಊರಿನವರು ಭಕ್ತಿಯಿಂದ ಅದನ್ನು ಎತ್ತಿ ನಿಲ್ಲಿಸಿದರು. ಮುಂದಿನ ಹಬ್ಬಕ್ಕೆ ಎಣ್ಣೆಬಣ್ಣ ಬಳಿದರು. ಎರಡು ಅಂಕಣಗಳ ನಡುವಿನ ಪಟ್ಟಿಯಲ್ಲಿ ಒಂದೂವರೆ ಸಾಲು ಅಕ್ಷರಗಳಿದ್ದವು. ಬಣ್ಣ ಆ ಗೀರುಗಳಲ್ಲಿ ತುಂಬಿ ಒಣಗಿತು. ನೂರಾರು ವರ್ಷದ ಮಣ್ಣು ಮಾಡದ ಹಾನಿಯನ್ನು ಅರ್ಧ ಲೀಟರು ಬಣ್ಣ ಮಾಡಿತು. ಅವರು ಮಾಡಿದ್ದು ಪ್ರೀತಿಯಿಂದ. ಅವರಿಗೆ ಹೇಳಬೇಕಾದವರು ಹೇಳಲಿಲ್ಲ. ಹೇಳಬೇಕಾದವರಲ್ಲಿ ನಾನೂ ಒಬ್ಬಳು. ಆ ವೀರನ ಹೆಸರು ಆ ಒಂದೂವರೆ ಸಾಲಿನಲ್ಲಿತ್ತು. ಬಣ್ಣಕ್ಕೆ ಮೊದಲು ಒಂದು ಹಾಳೆಯ ಮೇಲೆ ಅದರ ಅಚ್ಚು ತೆಗೆದಿಟ್ಟಿದ್ದರೆ ಅಷ್ಟೇ ಸಾಕಾಗಿತ್ತು.

ಅಚ್ಚು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಮೈಗೆ ಅಂಟಿಸಿ, ಕುಂಚದಿಂದ ಮೆತ್ತಗೆ ಬಡಿಯಬೇಕು. ಕಾಗದ ಅಕ್ಷರದ ತಗ್ಗುಗಳಿಗೆ ಇಳಿಯುತ್ತದೆ. ತುಸು ಆರಿದ ಮೇಲೆ ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೇಲ್ಮೈಗೆ ತಟ್ಟಿದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಹೀಗೆ ಊರೂರು ಸುತ್ತಿ ಪಡಿಯಚ್ಚು ತೆಗೆಸಿದ ಬೆಂಜಮಿನ್ ಲೂಯಿಸ್ ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ 8,869 ಶಾಸನಗಳನ್ನು ಅಚ್ಚುಹಾಕಿಸಿದರು. ಅದರ 6ನೆಯ ಸಂಪುಟ 1901ರಲ್ಲಿ ಬಂದಿತು. ಅದು ನಮ್ಮ ಜಿಲ್ಲೆಯದು. ಆಗ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಅದರಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ. ಇಂದಿಗೂ ವಿದ್ವಾಂಸರು ‘ತರೀಕೆರೆ 45’ ಎಂದರೆ ಅದು ಯಾವ ಕಲ್ಲು ಎಂದು ಎಲ್ಲರಿಗೂ ತಿಳಿಯುತ್ತದೆ. ಈ ಸಂಖ್ಯೆಯ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಆ ಕಲ್ಲಿಗೂ ಸಂಖ್ಯೆಗೂ ಮತ್ತೆ ಬರುತ್ತೇನೆ.

ಹಾಗಾದರೆ ಎಲ್ಲ ಕಲ್ಲುಗಳನ್ನೂ ಪೇಟೆಯ ಸಂಗ್ರಹಾಲಯಕ್ಕೆ ಸಾಗಿಸಿಬಿಟ್ಟರೆ ಕ್ಷೇಮವಲ್ಲವೇ ಎಂದು ನೀವು ಕೇಳಬಹುದು. ಹಾಗೆ ಸಾಗಿಸಿದ ಕಲ್ಲುಗಳಿವೆ, ಅವು ಕ್ಷೇಮವಾಗಿಯೂ ಇವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾಯಿತು. ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡ 1877ರದು. ಮದ್ದೂರು ಸೀಮೆಯ ಆತಕೂರಿನ ಕಲ್ಲು ಅಲ್ಲಿದೆ. ಹಂದಿಯ ಮೇಲೆ ಬಿದ್ದು ಸತ್ತ ಕಾಳಿ ಎಂಬ ಬೇಟೆನಾಯಿಗೆ ನಿಲ್ಲಿಸಿದ, ಹತ್ತನೆಯ ಶತಮಾನದ ಕಲ್ಲು ಅದು. ನಾಯಿಯ ಹೆಸರನ್ನೂ ಮರೆಯದ ಊರದು. ಆ ಕಲ್ಲನ್ನು ನೋಡಲು ನಾವು ಬೆಂಗಳೂರಿಗೆ ಹೋಗಬೇಕು, ಆತಕೂರಿನ ಮಕ್ಕಳೂ ಬೆಂಗಳೂರಿಗೇ ಹೋಗಬೇಕು.

ಇನ್ನೂ ಹತ್ತಿರದ ಉದಾಹರಣೆ ಹಲ್ಮಿಡಿಯದು. ನಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಳ್ಳಿ. ಅಲ್ಲಿನ ಹದಿನಾರು ಸಾಲಿನ ಕಲ್ಬರಹವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದೆಂದು ಹೇಳುವ, ಕನ್ನಡದ ಹಳೆಯ ಶಾಸನಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಲ್ಲು. ಮೂಲಶಾಸನ ಮೈಸೂರಿನಲ್ಲಿ ಪುರಾತತ್ವ ಇಲಾಖೆಯ ಕಚೇರಿ ಸೇರಿತು. ಹಲ್ಮಿಡಿಯಲ್ಲಿ ಈಗಿರುವುದು ಒಂದು ಮಂಟಪ, ಅದರೊಳಗೆ ಫೈಬರಿನ ಪ್ರತಿಕೃತಿ. ಮೂಲವನ್ನು ಕಾಪಾಡಿದವರಿಗೆ ನಾವು ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಹಳ್ಳಿಯಲ್ಲಿ ಪ್ರತಿಕೃತಿಯ ಮುಂದೆ ನಿಂತಾಗ, ಅಂದೇ ಊರಿನಲ್ಲಿ ಒಂದು ಭದ್ರವಾದ ಕೋಣೆ, ಕಾಯುವ ಒಬ್ಬ ಮನುಷ್ಯ ಇದ್ದಿದ್ದರೆ ಎಂದು ನನ್ನ ಹೊಟ್ಟೆ ಚುರ್ ಎಂದಿತು.

ಅಂಥ ಕೋಣೆಯನ್ನು ಮಾಡಿಕೊಂಡ ಊರುಗಳೂ ಇವೆ. ಪಕ್ಕದ ಚಿತ್ರದುರ್ಗದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರು ಕೋಟೆಯ ಸುತ್ತಿನ ಕಲ್ಲು, ಆಯುಧ, ಕಡತಗಳನ್ನು ಕೂಡಿಸುತ್ತ ಬಂದರು. ಇಂದು ರಂಗಯ್ಯನ ಬಾಗಿಲಿನ ಬಳಿ ಇರುವ ಸರ್ಕಾರಿ ಸಂಗ್ರಹಾಲಯದ ಹಿಂದೆ ಅವರ ಶ್ರಮವಿದೆ. ಸಾಗರ ತಾಲ್ಲೂಕಿನ ಕೆಳದಿಯ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಎರಡನೆಯ ಭಾಗಕ್ಕೆ ಸೇರಿದ್ದು, ಅಲ್ಲಿಗೇ ಹೋಗೋಣ.

ಎರಡನೆಯದು ಓಲೆಗರಿ.

ನಮ್ಮ ಸೀಮೆಗೆ ಇಬ್ಬರು ಮಹಾಕವಿಗಳ ಸಂಬಂಧವಿದೆ. ಇಬ್ಬರೂ ಉಳಿದುಬಂದ ರೀತಿ ಬೇರೆ ಬೇರೆ. ತರೀಕೆರೆಯ ಅಮೃತಾಪುರಕ್ಕೆ ಹೋದವರು ಅಮೃತೇಶ್ವರ ಗುಡಿಯ ಮುಖಮಂಟಪದ ಬಳಿ ನಿಂತ ದೊಡ್ಡ ಶಾಸನವನ್ನು ನೋಡಿರುತ್ತೀರಿ. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಆ ಶಾಸನದ ಪದ್ಯಗಳನ್ನು ಬರೆದವನು ಜನ್ನ, ‘ಯಶೋಧರ ಚರಿತೆ’ಯ ಜನ್ನ. ಆಗ ಅವನಿನ್ನೂ ಆ ಕಾವ್ಯ ಬರೆದಿರಲಿಲ್ಲ. ಆಗಲೇ ಹೇಳಿದ ‘ತರೀಕೆರೆ 45’ ಇದೇ. ಎಂಟು ನೂರು ವರ್ಷದಿಂದ ಆ ಪದ್ಯಗಳು ಬಿಸಿಲು ಮಳೆಯಲ್ಲಿ ನಿಂತಿವೆ. ಕವಿ ಯಾರು, ಕಾಲ ಯಾವುದು, ಜಾಗ ಯಾವುದು ಎಂದು ಯಾರೂ ಜಗಳವಾಡುವಂತಿಲ್ಲ, ಕಲ್ಲೇ ಸಾಕ್ಷಿ.

ಲಕ್ಷ್ಮೀಶನಿಗೆ ಅಂಥ ಸಾಕ್ಷಿ ಇಲ್ಲ. ಅವನ ಕಾಲದ ಬಗ್ಗೆ ಹದಿನಾರನೆಯ ಶತಮಾನ ಎನ್ನುವವರಿದ್ದಾರೆ, ಇನ್ನೂ ಈಚೆಗೆ ತರುವವರೂ ಇದ್ದಾರೆ. ಅವನು ಕೂತ ಜಗಲಿ ಯಾವುದೆಂದು ಯಾರೂ ಕೈಮಾಡಿ ತೋರಿಸಲಾರರು. ಆದರೆ ವಾರ್ಧಕ ಷಟ್ಪದಿಯ ಮೂವತ್ತನಾಲ್ಕು ಸಂಧಿಗಳ ‘ಜೈಮಿನಿ ಭಾರತ’ ಹಳ್ಳಿಹಳ್ಳಿಯ ಪಡಸಾಲೆಗಳಲ್ಲಿ ನಡೆದಾಡಿತು. ಅದರ ಕತೆಯ ಅಶ್ವಮೇಧದ ಕುದುರೆ ದೇಶದೇಶ ತಿರುಗಿದ ಹಾಗೆಯೇ ಆ ಕಾವ್ಯವೂ ತಿರುಗಿತು. ಸಂಜೆ ದೀಪ ಹಚ್ಚಿದ ಮೇಲೆ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಸೀತೆಯನ್ನು ಕಾಡಿಗೆ ಬಿಟ್ಟು ಬರುವ ಭಾಗದಲ್ಲಿ ಕೇಳುವವರ ಕಣ್ಣು ಒದ್ದೆ. ಚಂದ್ರಹಾಸನಿಗೆ ಬಂದ ವಿಷದ ಓಲೆ ತಿದ್ದಿ ಮದುವೆಯ ಓಲೆಯಾಗುವಾಗ ಮಕ್ಕಳ ಮುಖದಲ್ಲಿ ನಗು. ಅಕ್ಷರ ಬಾರದವರಿಗೂ ಇದರ ಪದ್ಯಗಳು ಬಾಯಿಗೆ ಬರುತ್ತಿದ್ದವು. 1852ರಷ್ಟು ಹಿಂದೆಯೇ ಡೇನಿಯಲ್ ಸ್ಯಾಂಡರ್‌ಸನ್ ಎಂಬ ವೆಸ್ಲಿಯನ್ ಪಾದ್ರಿ ಇದರ ಇಂಗ್ಲಿಷ್ ಅನುವಾದವನ್ನು ಬೆಂಗಳೂರಿನಲ್ಲಿ ಅಚ್ಚು ಮಾಡಿಸಿದ್ದರು. ಕನ್ನಡ ಕಲಿಯಲು ಬಂದ ಹೊರಗಿನವರಿಗೂ ನಮ್ಮ ಜನ ಮೊದಲು ತೋರಿಸುತ್ತಿದ್ದ ಪುಸ್ತಕಗಳಲ್ಲಿ ಇದೊಂದು.

ಹೀಗಾಗಿ ದೇವನೂರಿನ ಸಂಗ್ರಹಾಲಯಕ್ಕೆ ಒಂದು ವಿಶೇಷ ಕಷ್ಟವಿದೆ. ನಮ್ಮ ದೊಡ್ಡ ಆಸ್ತಿ ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥದ್ದಲ್ಲ, ಅದು ಓದುವ ಧ್ವನಿ. ಗಮಕಿಗಳು ಓದಿದ್ದನ್ನು ಧ್ವನಿಮುದ್ರಿಸಿಕೊಂಡು, ಕೋಣೆಯ ಒಂದು ಮೂಲೆಯಲ್ಲಿ ಬೆಂಚು ಹಾಕಿ, ಬಂದವರು ಕೂತು ಕೇಳುವಂತೆ ಮಾಡಬೇಕು. ಆಸ್ಥಾನದ ಗಮಕ, ಪ್ರಶಸ್ತಿಯ ಗಮಕ ಮಾತ್ರವಲ್ಲ. ಈ ಹೋಬಳಿಯ ಅಜ್ಜ ಅಜ್ಜಿಯರು ತಮ್ಮ ಮನೆಯ ರಾಗದಲ್ಲಿ ಓದುವುದು ಮೊದಲು ಬೇಕು. ಒಂದೇ ಪದ್ಯವನ್ನು ಮೂರು ಮನೆಯವರು ಮೂರು ರಾಗದಲ್ಲಿ ಓದಿದ್ದನ್ನು ನಾನೇ ಕೇಳಿದ್ದೇನೆ. ಆ ಮೂರರಲ್ಲಿ ಎರಡು ಈಗ ಇಲ್ಲ.

ಓಲೆಗರಿಗಳ ವಿಷಯಕ್ಕೆ ಬಂದರೆ, ಕೆಳದಿ ನಮಗೆ ಪಾಠ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅದೊಂದು ಹಳ್ಳಿ. ರಾಮೇಶ್ವರನ ಗುಡಿಯ ಛಾವಣಿಯ ಗಂಡಭೇರುಂಡಕ್ಕೆ ಹೆಸರಾದದ್ದು. ಕೆಳದಿ ಗುಂಡಾ ಜೋಯಿಸರು ಮನೆಮನೆ ತಿರುಗಿ, ಅಟ್ಟದ ಮೇಲಿನ ಕಟ್ಟುಗಳನ್ನು ಬೇಡಿ ತಂದು, ಕೆಳದಿ ಅರಸರ ಚರಿತ್ರೆಗೆ ಸಂಬಂಧಿಸಿದ ತಾಮ್ರಪಟ, ನಾಣ್ಯ, ಕಡತ, ಆಯುಧಗಳನ್ನು ಕೂಡಿಸಿ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನ ಕೇಂದ್ರವೊಂದನ್ನು ಕಟ್ಟಿದರು. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ನೆರಳಿನಲ್ಲಿದೆ. ತಿಗಳಾರಿ ಲಿಪಿಯ ನೂರಾರು ಓಲೆಗರಿ ಕಟ್ಟುಗಳು ಅಲ್ಲಿವೆ. ಮಲೆನಾಡಿನ ಮನೆಗಳಲ್ಲಿ ಒಂದು ಕಾಲಕ್ಕೆ ಬಳಕೆಯಲ್ಲಿದ್ದು, ಈಗ ಓದಬಲ್ಲವರು ಕೆಲವರೇ ಉಳಿದಿರುವ ಲಿಪಿ ಅದು. ಆ ಕಟ್ಟುಗಳು ಒಂದೆಡೆ ಸೇರಿದ್ದರಿಂದಲೇ ಲಿಪಿಯನ್ನು ಮತ್ತೆ ಕಲಿಯಬೇಕೆನ್ನುವವರಿಗೆ ಒಂದು ಜಾಗ ಸಿಕ್ಕಿತು. ಅದೇ ಸಂಗ್ರಹದಲ್ಲಿ ಕೆಳದಿಯವರೇ ಆದ ಚಿತ್ರಕಾರ ಎಸ್.ಕೆ. ಲಿಂಗಣ್ಣನವರ ಕೃತಿಗಳೂ ಇವೆ. ಒಂದು ಹಳ್ಳಿ ತನ್ನ ಅರಸನನ್ನೂ ತನ್ನ ಚಿತ್ರಕಾರನನ್ನೂ ಒಂದೇ ಸೂರಿನಡಿ ಇಟ್ಟುಕೊಂಡಿದೆ. ನಮ್ಮ ಕಲ್ಪನೆಗೆ ಇದಕ್ಕಿಂತ ಹತ್ತಿರದ ಮಾದರಿಯನ್ನು ನಾನು ಕಂಡಿಲ್ಲ.

ಅಟ್ಟದ ಕಟ್ಟು ಬಿಚ್ಚುವವರೆಗೆ ಅದರಲ್ಲೇನಿದೆ ಎಂದು ಯಾರಿಗೂ ತಿಳಿಯದು. 1891ರಲ್ಲಿ ಶುರುವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಕಟ್ಟು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಶತಮಾನಗಳಿಂದ ಕಾಣೆಯಾಗಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ ಅದು. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ನಮ್ಮ ಅಟ್ಟಗಳಲ್ಲೂ ಅಂಥದ್ದೇ ಇದೆ ಎಂದು ನಾನು ಹೇಳುವುದಿಲ್ಲ. ಪಂಚಾಂಗ, ಔಷಧದ ಪಟ್ಟಿ, ಜಮೀನಿನ ಲೆಕ್ಕ ಇದ್ದರೂ ಸರಿ. ಊರಿನ ಚರಿತ್ರೆಗೆ ಜಮೀನಿನ ಲೆಕ್ಕ ಕಾವ್ಯದಷ್ಟೇ ಬೇಕು. ಆ ಕಟ್ಟುಗಳನ್ನು ಹೊಳೆಗೆ ಬಿಡಬೇಡಿ. ಹಿರಿಯರು ಪವಿತ್ರ ಎಂದು ನೀರಿಗೆ ಬಿಡುತ್ತಾರೆ, ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಬಿಡುವ ಮೊದಲು ಒಮ್ಮೆ ಯಾರಿಗಾದರೂ ತೋರಿಸಿ ಎಂದಷ್ಟೇ ಕೈಮುಗಿದು ಕೇಳುತ್ತೇನೆ.

ಮೂರನೆಯ ಭಾಗಕ್ಕೆ ಬರುತ್ತೇನೆ: ಚಿತ್ರಶಾಲೆ.

ಸಂಗ್ರಹಾಲಯ ಎಂದರೆ ತಲೆಯಾಡಿಸುವ ಜನ ಚಿತ್ರಶಾಲೆ ಎಂದಾಗ ಹಿಂದೆ ಸರಿಯುತ್ತಾರೆ. ಅದು ಮೈಸೂರಿನ ಜಗನ್ಮೋಹನ ಅರಮನೆಗೆ ಸರಿ, ನಮ್ಮೂರಿನಲ್ಲಿ ಚಿತ್ರ ಎಲ್ಲಿದೆ ಎನ್ನುತ್ತಾರೆ. ಮತ್ತೆ ಅಮೃತಾಪುರಕ್ಕೇ ಹೋಗೋಣ. ಗುಡಿಯ ಹೊರಗೋಡೆಯ ಮೇಲೆ 140 ಚಿತ್ರಫಲಕಗಳಿವೆ. ದಕ್ಷಿಣದ ಗೋಡೆಯ 70ರಲ್ಲಿ ರಾಮಾಯಣ. ಉತ್ತರದ 70ರಲ್ಲಿ 25 ಕೃಷ್ಣನ ಬಾಲಲೀಲೆಯಂಥ ಭಾಗವತದ ಕತೆ, 45 ಮಹಾಭಾರತ. ರಾಮಾಯಣದ ಕತೆ ಅಲ್ಲಿ ಎಲ್ಲ ಕಡೆಯಂತೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗದೆ, ಅಪ್ರದಕ್ಷಿಣೆಯಲ್ಲಿ ಸಾಗುತ್ತದೆ. ಮಕ್ಕಳನ್ನು ಕರೆದೊಯ್ದಾಗ ಕತೆ ಹಿಂದುಮುಂದಾಗಿದೆ ಎಂದು ಒಬ್ಬ ಹುಡುಗ ತಾನಾಗಿ ಕಂಡುಹಿಡಿದು, ಗೋಡೆಯ ಆ ತುದಿಯಿಂದ ಈ ತುದಿಗೆ ಓಡಿ ಬಂದು ಹೇಳಿದ. ಆಮೇಲೆ ಅವರೆಲ್ಲ ಎದುರು ದಿಕ್ಕಿನಲ್ಲಿ ನಡೆದು ಕತೆ ಓದಿದರು. ಒಳಗಿನ ಗುಮ್ಮಟಗಳಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮ ಮುಂದೆ ಸೋಮನಾಥಪುರದಲ್ಲೂ ಕೈಚಳಕ ತೋರಿದವನು. ಬಯಲಿನಲ್ಲೇ ನಿಂತ ಇಂಥ ಚಿತ್ರಶಾಲೆ ಇರುವ ಸೀಮೆಯಲ್ಲಿ ಕೂತು ನಮಗೆ ಚಿತ್ರದ ಸಂಸ್ಕಾರವಿಲ್ಲ ಎನ್ನುವುದು ಸರಿಯೇ?

ಇನ್ನು ನಮ್ಮ ಮನೆಗಳ ಒಳಗೆ ನೋಡಿ. ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಸರಸ್ವತಿ, ಕನ್ನಡಿಯ ಹಿಂಬದಿಗೆ ಬರೆದ ಬಾಲಕೃಷ್ಣ, ಮದುವೆಯ ಹಸೆಗೋಡೆ. ಸ್ಟುಡಿಯೊದಲ್ಲಿ ಬಣ್ಣದ ಪರದೆಯ ಮುಂದೆ ತೆಗೆಸಿಕೊಂಡ ದಂಪತಿಗಳ ಫೋಟೊ. ಗಂಡ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು, ಹೊಸ ಸೀರೆಯ ಸೆರಗು ಎರಡೂ ಭುಜಕ್ಕೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟು, ಪುಂಡಿನಾರಿನ ಕುಂಚದಲ್ಲಿ ಬರೆಯುವ ಚಿತ್ತಾರಕ್ಕೆ ಈಗ ದೇಶದಾಚೆಗೂ ಬೆಲೆ ಬಂದಿದೆ. ಬಯಲುಸೀಮೆಯ ರಂಗೋಲಿಗೆ, ಎತ್ತಿನ ಕೊಂಬಿಗೆ ಬಳಿಯುವ ಬಣ್ಣಕ್ಕೆ, ಗಾಡಿಯ ಕೆತ್ತನೆಗೆ ನಾವು ಇನ್ನೂ ಆ ಕಣ್ಣು ಕೊಟ್ಟಿಲ್ಲ.

ಒಂದೇ ಒಂದು ವಸ್ತುವನ್ನು ನಿಧಾನವಾಗಿ ನೋಡೋಣ. ಮೂಡಲಪಾಯ ಯಕ್ಷಗಾನದ ಕಿರೀಟ. ಹಗುರ ಮರದಲ್ಲಿ ಕೆತ್ತಿ, ಬಣ್ಣ ಹಚ್ಚಿ, ಬೇಗಡೆ ಮತ್ತು ಗಾಜಿನ ಚೂರು ಅಂಟಿಸಿದ್ದು. ಹೊರಗಡೆ ರಾಜಗಾಂಭೀರ್ಯ. ಅದನ್ನು ತಿರುವಿ ಒಳಗಡೆ ನೋಡಿದರೆ ಬೇರೆಯದೇ ಲೋಕ. ತಲೆಗೆ ಒತ್ತದಿರಲೆಂದು ಹಳೆಯ ಸೀರೆಯ ಬಟ್ಟೆ ಹೊಲಿದಿದೆ. ಬೆವರಿನಿಂದ ಆ ಬಟ್ಟೆ ಕಪ್ಪಾಗಿದೆ. ಕಿವಿಯ ಹತ್ತಿರ ಕಟ್ಟುವ ದಾರ ಮೂರು ಕಡೆ ಗಂಟು ಹಾಕಿದೆ, ಮೂರು ಬೇರೆ ತಲೆಗಳ ಅಳತೆ. ಆ ಕಿರೀಟ ತೊಟ್ಟವರು ಹಗಲು ರಾಗಿಹೊಲದಲ್ಲಿ ಎಡೆಕುಂಟೆ ಹೊಡೆದು, ರಾತ್ರಿ ಬಬ್ರುವಾಹನನಾಗಿ ತಂದೆ ಅರ್ಜುನನ ಎದುರು ನಿಂತವರು. ಬಬ್ರುವಾಹನ, ಸುಧನ್ವ, ತಾಮ್ರಧ್ವಜ ಈ ಕಾಳಗಗಳೆಲ್ಲ ಜೈಮಿನಿಯ ಕತೆಗಳು. ಲಕ್ಷ್ಮೀಶನ ಕಾವ್ಯ ಮುಟ್ಟಿ ನೋಡುವ ರೂಪದಲ್ಲಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಕಿರೀಟದ ಒಳಗಿನ ಬೆವರಿನ ಬಟ್ಟೆಯನ್ನು ತೋರಿಸುತ್ತೇನೆ. ಸಂಗ್ರಹಾಲಯದಲ್ಲಿ ಇಡುವಾಗ ಅದನ್ನು ಹೊಸದಾಗಿ ಬಣ್ಣ ಬಳಿದು ಮಿಂಚಿಸಬಾರದು. ಕನ್ನಡಿಯೊಂದನ್ನು ಕೆಳಗಿಟ್ಟು ಒಳಭಾಗವೂ ಕಾಣುವಂತೆ ಇಡಬೇಕು.

ಹಳ್ಳಿಯ ವಸ್ತುವನ್ನು ಹೀಗೆ ನೋಡಲು ನಮಗೆ ಕಲಿಸಿದವರಲ್ಲಿ ಪಿ.ಆರ್. ತಿಪ್ಪೇಸ್ವಾಮಿ ಒಬ್ಬರು. ಅವರು ಮೂಲತಃ ಚಿತ್ರಕಾರರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಶುರುವಾದಾಗ ಊರೂರು ಅಲೆದು ವಸ್ತುಗಳನ್ನು ತಂದವರಲ್ಲಿ ಅವರೂ ಇದ್ದರು. ಜಯಲಕ್ಷ್ಮೀ ವಿಲಾಸದಲ್ಲಿ ಅದನ್ನು ನೋಡಿದವರಿಗೆ ಚಿತ್ರಕಾರನ ಕಣ್ಣು ಆರಿಸಿದ ವಸ್ತುಗಳು ಗೊತ್ತಾಗುತ್ತವೆ. ಮುಂದೆ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಹೊರದೇಶಗಳಲ್ಲಿ ಈ ದಾರಿಗೆ ಮೊದಲು ಬಿದ್ದವರಲ್ಲಿ ಸ್ವೀಡನ್ನಿನ ಆರ್ಟುರ್ ಹ್ಯಾಜೇಲಿಯಸ್ ಒಬ್ಬರು. 1891ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದು, ರೈತರ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಇವೆಲ್ಲ ದೊಡ್ಡ ಸಂಸ್ಥೆಗಳು. ಅವಕ್ಕೆ ಇಡೀ ನಾಡು ಬೇಕು. ನಮಗೆ ಈ ಒಂದು ಹೋಬಳಿ ಸಾಕು. ಪಾವು, ಸೇರು, ಬಳ್ಳ, ಕೊಳಗ ಸಾಲಾಗಿ ಇರಲಿ. ರಾಗಿ ತುಂಬಿಡುತ್ತಿದ್ದ ಹಗೇವಿನ ಒಂದು ನಕ್ಷೆ ಇರಲಿ. ಹಗೇವಿನೊಳಕ್ಕೆ ಇಳಿಯುವ ಮುಂಚೆ ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದ ಎಚ್ಚರಿಕೆಯ ವಿವರ ಅದರ ಪಕ್ಕ ಇರಲಿ. ಅಷ್ಟನ್ನು ನೋಡಿದ ಮಗು ಮನೆಗೆ ಹೋಗಿ ಅಜ್ಜನನ್ನು ಪ್ರಶ್ನೆ ಕೇಳುತ್ತದೆ.

ಇನ್ನು ಕೊನೆಯ ಭಾಗ. ಮೊದಲು ಕಾಯಿದೆ, ಚುಟುಕಾಗಿ.

1878ರ ನಿಧಿ ಕಾಯಿದೆ ಇಂದಿಗೂ ಇದೆ. ನೆಲದಲ್ಲಿ ಹುದುಗಿ ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮುಂತಾದವು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅವನ್ನು ದೇಶದ ಹೊರಗೆ ಮಾರುವಂತಿಲ್ಲ, ಕೆಲವಕ್ಕೆ ನೋಂದಣಿ ಬೇಕು. ಹೆದರಬೇಕಾದ್ದೇನಿಲ್ಲ. ವಿಗ್ರಹವೋ ನಾಣ್ಯವೋ ಸಿಕ್ಕಿದರೆ ಮುಚ್ಚಿಡದೆ ತಿಳಿಸಿ, ಪುರಾತತ್ವ ಇಲಾಖೆಯವರನ್ನು ಕೇಳಿ ಮುಂದುವರಿಯುವುದು ನೇರ ದಾರಿ. ಊರಿನ ಕೋಣೆಗೆ ಕಾಯಿದೆಯ ತೊಡಕಿಲ್ಲದ ವಸ್ತುಗಳೇ ನೂರಾರು ಸಿಗುತ್ತವೆ.

ಕಾಪಾಡುವ ವಿಷಯದಲ್ಲಿ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ ಬಹುಪಾಲು. ಓಲೆಗರಿಯನ್ನು ಎರಡು ಹಲಗೆಯ ನಡುವೆ ಇಟ್ಟು ಬಟ್ಟೆ ಸುತ್ತಬೇಕು. ನವರಾತ್ರಿಯಲ್ಲಿ ಬಿಚ್ಚಿ ಗಾಳಿಗೆ ಹರಡಬೇಕು. ಗರಿ ಒಣಗಿ ಸಿಡಿಯುವಂತಿದ್ದರೆ ನಿಂಬೆಹುಲ್ಲಿನ ಎಣ್ಣೆ ತೆಳ್ಳಗೆ ಸವರುತ್ತಾರೆ, ಆದರೆ ಅದನ್ನು ತಿಳಿದವರ ಕೈಯಲ್ಲೇ ಮಾಡಿಸಬೇಕು. ಕಲ್ಲಿಗೆ ಸಿಮೆಂಟು ಮೆತ್ತಬಾರದು, ಬಣ್ಣ ಬೇಡ, ಮರಳು ಹಾಕಿ ಉಜ್ಜುವುದೂ ಬೇಡ. ಫೋಟೊಗಳನ್ನು ಬಿಸಿಲು ಬೀಳುವ ಗೋಡೆಗೆ ಹಾಕಬಾರದು. ಮರದ ವಸ್ತುವನ್ನು ನೆಲಕ್ಕೆ ತಾಗಿಸಿ ಇಡಬಾರದು, ಗೆದ್ದಲಿಗೆ ನೆಲವೇ ದಾರಿ.

ಆದರೆ ಸಣ್ಣ ಸಂಗ್ರಹಾಲಯಗಳನ್ನು ಗೆದ್ದಲಿಗಿಂತ ಬೇಗ ತಿಂದುಹಾಕುವುದು ಮುಚ್ಚಿದ ಬಾಗಿಲು. ಬಹಳ ವರ್ಷಗಳ ಹಿಂದೆ ನಲವತ್ತು ಮಕ್ಕಳನ್ನು ಕರೆದುಕೊಂಡು ಒಂದು ಊರಿನ ಸಂಗ್ರಹಾಲಯಕ್ಕೆ ಹೋಗಿದ್ದೆ. ಬೀಗ ಹಾಕಿತ್ತು. ಬೀಗದ ಕೈ ಇಟ್ಟುಕೊಂಡವರು ಮದುವೆಗೆ ಹೋಗಿದ್ದರು. ಮಕ್ಕಳು ಕಿಟಕಿಯ ಸರಳು ಹಿಡಿದು ಒಬ್ಬೊಬ್ಬರಾಗಿ ಇಣುಕಿದರು. ಒಳಗೆ ಕತ್ತಲಲ್ಲಿ ಒಂದು ಕತ್ತಿಯ ಹಿಡಿ ಮಾತ್ರ ಮಿನುಗುತ್ತಿತ್ತು. ಆ ಮಕ್ಕಳಿಗೆ ಇಂದಿಗೆ ಮೂವತ್ತು ದಾಟಿರಬಹುದು. ಸಂಗ್ರಹಾಲಯ ಎಂದರೆ ಅವರಿಗೆ ನೆನಪಾಗುವುದು ಆ ಸರಳುಗಳು. ಹಾಗಾಗಿ ನಮ್ಮ ಕೋಣೆ ಶುರುವಾಗುವ ದಿನವೇ ಬೀಗದ ಕೈ ಮೂರು ಇರಲಿ. ಒಂದು ಶಾಲೆಯಲ್ಲಿ, ಒಂದು ಗ್ರಂಥಾಲಯದಲ್ಲಿ, ಒಂದು ಕೋಣೆಯ ಹತ್ತಿರದ ಮನೆಯಲ್ಲಿ. ವಾರದಲ್ಲಿ ಎರಡು ದಿನವಾದರೂ ಹೇಳಿದ ಹೊತ್ತಿಗೆ ತೆರೆಯಲಿ.

ಕಟ್ಟಡಕ್ಕೆ ಅವಸರ ಮಾಡಬೇಡಿ. ಅನುದಾನ ಬರಲಿ, ದೊಡ್ಡ ಭವನ ಕಟ್ಟೋಣ, ಆಮೇಲೆ ವಸ್ತು ಕೂಡಿಸೋಣ ಎಂದು ಕಾದ ಊರುಗಳಲ್ಲಿ ಅಟ್ಟಗಳೆಲ್ಲ ಖಾಲಿಯಾಗಿವೆ. ಮೊದಲು ಬೇಕಾದ್ದು ಒಂದು ಗಟ್ಟಿ ರಟ್ಟಿನ ದಾಖಲೆ ಪುಸ್ತಕ. ರೈಸರು ಕಲ್ಲಿಗೆ ಕೊಟ್ಟಂತೆ ಪ್ರತಿ ವಸ್ತುವಿಗೂ ಒಂದು ಸಂಖ್ಯೆ. ಯಾರು ಕೊಟ್ಟರು, ಯಾವಾಗ, ಅವರ ಮನೆಗೆ ಅದು ಹೇಗೆ ಬಂತು, ಅವರು ಅದನ್ನು ಏನೆಂದು ಕರೆಯುತ್ತಿದ್ದರು, ಅಳತೆ, ಎಲ್ಲೆಲ್ಲಿ ಮುರಿದಿದೆ. ಏನೆಂದು ಕರೆಯುತ್ತಿದ್ದರು ಎಂಬ ಕಾಲಂ ಬಹಳ ಮುಖ್ಯ. ಎಡೆಕುಂಟೆಯನ್ನು ನೋಡಿ ‘ಕೃಷಿ ಉಪಕರಣ’ ಎಂದು ಚೀಟಿ ಅಂಟಿಸಿದರೆ ವಸ್ತು ಉಳಿಯಿತು, ಹೆಸರು ಸತ್ತಿತು. ಕೊಟ್ಟವರ ಬಾಯಲ್ಲಿ ಬಂದ ಮಾತನ್ನೇ ಬರೆಯಬೇಕು. ತಿಳಿಯದ್ದನ್ನು ತಿಳಿಯದು ಎಂದೇ ಬರೆಯಬೇಕು. ಸಾವಿರ ವರ್ಷ ಹಳೆಯದು, ರಾಜರ ಕಾಲದ್ದು ಎಂದು ಅಭಿಮಾನಕ್ಕೆ ಬರೆದ ಒಂದು ಸುಳ್ಳು ಸಾಲು ಇಡೀ ಪುಸ್ತಕದ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಅಂಥ ಒಂದು ಪುಸ್ತಕವನ್ನು ಗೆರೆ ಹೊಡೆದು ಇವತ್ತು ನಾನೇ ತಂದಿದ್ದೇನೆ. ಅಧ್ಯಕ್ಷರ ಅನುಮತಿಯಿಂದ ಮೊದಲ ನಮೂದನ್ನು ಬರೆದುಕೊಂಡೂ ಬಂದಿದ್ದೇನೆ, ಅದನ್ನು ಓದುತ್ತೇನೆ.

ಸಂಖ್ಯೆ 1. ಜೈಮಿನಿ ಭಾರತ, ಅಚ್ಚಿನ ಪುಸ್ತಕ. ಕೊಟ್ಟವಳು ಉಪನ್ಯಾಸಕಿ. ಅವಳಿಗೆ ಬಂದದ್ದು ಸೋದರತ್ತೆಯಿಂದ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ‘ಅತ್ತೆ ಪುಸ್ತಕ’. ಮೊದಲ ನಾಲ್ಕು ಹಾಳೆ ಇಲ್ಲ, ಹಾಗಾಗಿ ಅಚ್ಚಾದ ವರ್ಷ, ಅಚ್ಚುಕೂಟ ತಿಳಿಯದು. ರಟ್ಟು ಹೋಗಿದೆ, ಹಳೆಯ ಕಣದ ಬಟ್ಟೆಯಿಂದ ಹೊಲಿದ ಹೊದಿಕೆ ಇದೆ. ಅಂಚಿನಲ್ಲಿ ಪೆನ್ಸಿಲಿನಿಂದ ರಾಗಗಳ ಹೆಸರು: ನೀಲಾಂಬರಿ, ಮೋಹನ, ಮುಖಾರಿ. ಅತ್ತೆ ಶಾಲೆಗೆ ಹೋದವರಲ್ಲ, ರಾಗದ ಹೆಸರು ಯಾರು ಬರೆದರೆಂದು ತಿಳಿಯದು. ಚಂದ್ರಹಾಸನ ಕತೆಯಲ್ಲಿ ಓಲೆ ತಿದ್ದುವ ಪದ್ಯದ ಮೇಲೆ ಹರಳೆಣ್ಣೆಯ ಕಲೆ, ಒಂದು ರೂಪಾಯಿ ನಾಣ್ಯದಷ್ಟು ಅಗಲ. ಆ ಕಲೆಯ ಹಿಂದೆ ಅಕ್ಷರಗಳು ಎರಡೂ ಕಡೆಯಿಂದ ಕಾಣುತ್ತವೆ.